ಹಳೇ ಎಸ್‌ಎಲ್‌ಆರ್: ಗ್ಯಾಸು, ಮಸಿ, ಎಣ್ಣೆ

ಮಂಡ್ಯ ಕಡೆಯ ಹಳ್ಳಿಯಲ್ಲಿ ಯೋಧರೊಬ್ಬರ ಅಂತ್ಯಕ್ರಿಯೆ ನಡೆಯುವಾಗ, ಇಲ್ಲವೇ ಅಕ್ಟೋಬರ್ 21ರ ಪೊಲೀಸ್ ಹುತಾತ್ಮರ ದಿನದಂದು, ತುಕಡಿಯೊಂದು ಗಾಳಿಯಲ್ಲಿ ಮೂರು ಸುತ್ತು ಗುಂಡು ಹಾರಿಸುತ್ತದೆ. ಅವರ ಕೈಯಲ್ಲಿರುವುದು ಎಸ್‌ಎಲ್‌ಆರ್ ಆಗಿದ್ದರೆ ಗಮನಿಸಿ ನೋಡಿ: ಪ್ರತಿ ಸುತ್ತಿನ ನಂತರವೂ ಎಲ್ಲರೂ ಎಡಗಡೆಯ ಹಿಡಿಯನ್ನು ಹಿಂದಕ್ಕೆಳೆದು ಬಿಡುತ್ತಾರೆ. ಹೆಸರೇ ಸೆಲ್ಫ್ ಲೋಡಿಂಗ್ ರೈಫಲ್. ತಾನಾಗಿ ತುಂಬಿಕೊಳ್ಳಬೇಕಾದ ಬಂದೂಕನ್ನು ಕೈಯಿಂದ ಯಾಕೆ ಎಳೆಯುತ್ತಾರೆ? ಬಂದೂಕು ಕೆಟ್ಟಿಲ್ಲ, ತುಂಬಾ ಹಳತಾಯಿತು ಅಂತಲೂ ಅಲ್ಲ. ಗೌರವ ಸಲ್ಲಿಸಲು ಬಳಸುವುದು ಬ್ಲ್ಯಾಂಕ್ ತೋಟಾ. ಅದರಲ್ಲಿ ಮದ್ದು ಇರುತ್ತದೆ, ಸೀಸದ ಗುಂಡು ಇರುವುದಿಲ್ಲ. ಮುಂದೆ ಅಡ್ಡವಾಗಿ ಗುಂಡಿಲ್ಲದ ಕಾರಣ ಹೊಗೆಯೆಲ್ಲ ನಳಿಗೆಯ ಬಾಯಿಂದ ಸಲೀಸಾಗಿ ಹೊರಟುಹೋಗುತ್ತದೆ, ಒಳಗೆ ಒತ್ತಡ ನಿಲ್ಲುವುದಿಲ್ಲ. ಒತ್ತಡವಿಲ್ಲದೆ ಈ ಬಂದೂಕು ಒಂದು ಹೆಜ್ಜೆಯನ್ನೂ ಇಡದು.

ಎಸ್‌ಎಲ್‌ಆರ್ ಅರ್ಥವಾಗಬೇಕಾದರೆ ಇಲ್ಲಿಂದಲೇ ಶುರು ಮಾಡಬೇಕು. ಇದು ಮದ್ದು ಉರಿದಾಗ ಹುಟ್ಟುವ ಗ್ಯಾಸಿನಿಂದ ನಡೆಯುವ ಯಂತ್ರ. ಅರವತ್ತು ವರ್ಷದ ರೈಫಲ್ಲೊಂದು ನಡುನಡುವೆ ನಿಂತರೆ ಜನ ಅದರ ವಯಸ್ಸನ್ನು ದೂರುತ್ತಾರೆ. ನಿಜವಾದ ಕಾರಣ ಹತ್ತಕ್ಕೆ ಒಂಬತ್ತು ಪಾಲು ಗ್ಯಾಸು, ತೋಟಾ ತುಂಬಿಡುವ ಮ್ಯಾಗಜೀನು, ತೋಟಾ ಕೂತು ಸಿಡಿಯುವ ಚೇಂಬರು ಈ ಮೂರರಲ್ಲೇ ಸಿಗುತ್ತದೆ. ಇದನ್ನು ಬಲ್ಲ, ಬಂದೂಕು ರಿಪೇರಿ ಮಾಡುವ ಆರ್ಮರರ್‌ಗಳು ನಮ್ಮ ಕಡೆ ಇದ್ದಾರೆ, ನಿವೃತ್ತರಾಗುತ್ತಲೂ ಇದ್ದಾರೆ. ಅವರಿಗೆ ಗೊತ್ತಿರುವುದೆಲ್ಲ ಬಾಯಿಮಾತಿನಲ್ಲೇ ಉಳಿದಿದೆ. ಬಂದೂಕು ಶಸ್ತ್ರಾಗಾರದಿಂದ ಹೊರಗೆ ಹೋಗುವ ಮೊದಲು ಅದರ ಒಳಗುಟ್ಟನ್ನು ಕನ್ನಡದಲ್ಲಿ ಬರೆದಿಡಬೇಕು.

ಮೂಲ ವಿನ್ಯಾಸ ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಯದು, ರೂಪಿಸಿದವನು ಡ್ಯೂಡೊನೆ ಸೇವ್. ಎಫ್‌ಎಎಲ್ ಎಂಬ ಹೆಸರಿನಲ್ಲಿ ಅದು ಹತ್ತಾರು ದೇಶಗಳ ಸೇನೆ ಸೇರಿತು. ಬ್ರಿಟನ್ ಅದನ್ನು ಇಂಚಿನ ಅಳತೆಗೆ ತಿದ್ದಿ ಎಲ್1ಎ1 ಎಂದು ಕರೆಯಿತು. 1962ರ ಚೀನಾ ಯುದ್ಧದಲ್ಲಿ ನಮ್ಮ ಕಾಲಾಳುಗಳ ಕೈಯಲ್ಲಿದ್ದದ್ದು ಪ್ರತಿ ಗುಂಡಿಗೂ ಬೋಲ್ಟ್ ಎಳೆಯಬೇಕಾದ .303 ರೈಫಲ್. ಆ ಯುದ್ಧದ ನಂತರ ಬಂಗಾಳದ ಇಶಾಪುರ ರೈಫಲ್ ಫ್ಯಾಕ್ಟರಿಯಲ್ಲಿ 1ಎ1 ಹೆಸರಿನ ಭಾರತೀಯ ಎಸ್‌ಎಲ್‌ಆರ್ ತಯಾರಾಗತೊಡಗಿತು. 1971ರ ಹೊತ್ತಿಗೆ ಸೈನಿಕನ ಮುಖ್ಯ ಆಯುಧ ಅದೇ ಆಗಿತ್ತು. ತೊಂಬತ್ತರ ದಶಕದ ಕೊನೆಗೆ ಇನ್ಸಾಸ್ ರೈಫಲ್ ಬಂದ ಮೇಲೆ ಸೇನೆಯಿಂದ ಸರಿದು ಪೊಲೀಸ್ ತುಕಡಿಗಳಲ್ಲಿ ಉಳಿಯಿತು. ಭಾರತದ 1ಎ1 ಬೆಲ್ಜಿಯಂನ ಮೆಟ್ರಿಕ್ ಮಾದರಿಗೂ ಬ್ರಿಟನ್ನಿನ ಇಂಚಿನ ಮಾದರಿಗೂ ಪೂರ್ತಿ ಹೊಂದುವುದಿಲ್ಲ. ನೋಡಲು ಒಂದೇ ಥರ ಕಂಡರೂ ಬಿಡಿಭಾಗಗಳೆಲ್ಲ ಅದಲು ಬದಲಾಗುವುದಿಲ್ಲ. ಇಂಟರ್ನೆಟ್ಟಿನಲ್ಲಿ ಸಿಗುವ ವಿದೇಶಿ ಕೈಪಿಡಿಯ ಅಳತೆಗಳನ್ನು ಕಣ್ಣುಮುಚ್ಚಿ ನಂಬಬಾರದು ಎನ್ನುವುದು ಇದೇ ಕಾರಣಕ್ಕೆ.

ತೋಟಾ 7.62x51 ಮಿ.ಮೀ. ಮ್ಯಾಗಜೀನಿನಲ್ಲಿ 20 ಹಿಡಿಯುತ್ತದೆ. ತುಂಬಿದ ಮ್ಯಾಗಜೀನ್ ಸೇರಿ ತೂಕ ಸುಮಾರು 5 ಕೆ.ಜಿ., ಉದ್ದ ಒಂದು ಮೀಟರಿಗಿಂತ ತುಸು ಹೆಚ್ಚು. ಗುಂಡಿನ ತೂಕ 9 ಗ್ರಾಂ ಚಿಲ್ಲರೆ, ವೇಗ ಸೆಕೆಂಡಿಗೆ 800 ಮೀಟರಿಗೂ ಮೇಲೆ. ಗುರಿ ತಪ್ಪಿದ ಗುಂಡು ಮೂರು ಕಿಲೋಮೀಟರ್ ಆಚೆಗೂ ಹೋಗಬಲ್ಲದು. ಹಿಂದೆ ಎತ್ತರದ ಮಣ್ಣಿನ ಗೋಡೆ ಇಲ್ಲದ ಬಯಲಲ್ಲಿ, ಕೆರೆ ಅಂಗಳದಲ್ಲಿ ಇದನ್ನು ಹಾರಿಸುವ ಮಾತೇ ಇಲ್ಲ.

ಇಂಥದ್ದೊಂದನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದೇ ಎಂದು ಕೇಳುವವರಿದ್ದಾರೆ. ಇಟ್ಟುಕೊಳ್ಳುವಂತಿಲ್ಲ. 2016ರ ಆಯುಧ ನಿಯಮಗಳ ಮೊದಲ ಅನುಸೂಚಿಯಲ್ಲಿ .303 ಮತ್ತು 7.62 ಮಿ.ಮೀ.ನ ಬೋಲ್ಟ್ ಆಕ್ಷನ್ ಹಾಗೂ ಸೆಮಿ ಆಟೊಮ್ಯಾಟಿಕ್ ರೈಫಲ್‌ಗಳು, ಜೊತೆಗೆ ಆ ಸರ್ವಿಸ್ ತೋಟಾ ಹಿಡಿಯುವ ಬೇರೆ ಯಾವ ರೈಫಲ್ ಆದರೂ, ಒಂದನೇ ವರ್ಗದಲ್ಲಿ ಬರುತ್ತವೆ. ಜಿಲ್ಲಾಧಿಕಾರಿಯೂ ಪೊಲೀಸ್ ಆಯುಕ್ತರೂ ಇವಕ್ಕೆ ಲೈಸೆನ್ಸ್ ಕೊಡಲಾರರು, ಅಧಿಕಾರ ಕೇಂದ್ರ ಸರ್ಕಾರದ್ದು. ನಿಷೇಧಿತ ಆಯುಧವನ್ನು ಅನುಮತಿಯಿಲ್ಲದೆ ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ ಜೈಲು. ಅಮೆರಿಕದಲ್ಲಿ ಪರಿಸ್ಥಿತಿಯೇ ಬೇರೆ. ಅಲ್ಲಿ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ ಎರಡನೇ ಮಹಾಯುದ್ಧದ ಎಂ1 ಗರಾಂಡ್ ರೈಫಲ್‌ಗಳನ್ನು ಅರ್ಹ ಪ್ರಜೆಗಳಿಗೆ ಮಾರುತ್ತದೆ. ನಮ್ಮ ಮೈಸೂರು, ಮಂಡ್ಯದ ಹುಡುಗರು ಅಲ್ಲಿನ ರೇಂಜುಗಳಲ್ಲಿ ಅದನ್ನು ಹಾರಿಸಿ ಫೋಟೊ ಹಾಕುವುದುಂಟು. ಅವರಿಗೊಂದು ಮಾತು: ಗರಾಂಡ್ ಕೂಡ ಗ್ಯಾಸಿನದ್ದೇ. ಅದರ ಗ್ಯಾಸ್ ರಂಧ್ರ ನಳಿಗೆಯ ತುದಿಯ ಹತ್ತಿರ ಇರುವುದರಿಂದ ಈಗಿನ ಬೇಟೆ ತೋಟಾಗಳ ನಿಧಾನ ಉರಿಯುವ ಮದ್ದು ಅಲ್ಲಿ ಅತಿ ಒತ್ತಡ ಕೊಡುತ್ತದೆ, ಆಪರೇಟಿಂಗ್ ರಾಡ್ ಬಾಗುತ್ತದೆ. ಹಳೇ ರೈಫಲ್ಲಿಗೆ ಅದರ ಕಾಲದ ಅಳತೆಯ ತೋಟಾವನ್ನೇ ಹಾಕಬೇಕು.

ಇನ್ನು ಎಸ್‌ಎಲ್‌ಆರ್‌ನ ಹೊಟ್ಟೆಗೆ ಬರೋಣ. ಗುಂಡು ನಳಿಗೆಯಲ್ಲಿ ಮುಂದೆ ಸಾಗುತ್ತ ಒಂದು ಸಣ್ಣ ರಂಧ್ರವನ್ನು ದಾಟುತ್ತದೆ. ದಾಟಿದ ಕ್ಷಣದಲ್ಲಿ ಹಿಂದಿನ ಗ್ಯಾಸು ಆ ರಂಧ್ರದಿಂದ ಮೇಲಿನ ಸಿಲಿಂಡರಿಗೆ ನುಗ್ಗಿ ಪಿಸ್ಟನ್ನನ್ನು ಹಿಂದಕ್ಕೆ ಗುದ್ದುತ್ತದೆ. ಪಿಸ್ಟನ್ ಓಡುವುದು ತುಸು ದೂರ ಮಾತ್ರ. ಬೋಲ್ಟ್ ಕ್ಯಾರಿಯರಿಗೆ ಒಂದು ಪೆಟ್ಟು ಕೊಟ್ಟು, ಸ್ಪ್ರಿಂಗಿನ ಬಲದಿಂದ ತನ್ನ ಜಾಗಕ್ಕೆ ವಾಪಸಾಗುತ್ತದೆ. ಕ್ಯಾರಿಯರ್ ಮೊದಲ ಕೆಲವು ಮಿಲಿಮೀಟರು ಒಂಟಿಯಾಗಿ ಹಿಂದೆ ಸರಿಯುತ್ತದೆ. ಅಷ್ಟರಲ್ಲಿ ಗುಂಡು ನಳಿಗೆ ಬಿಟ್ಟಿರುತ್ತದೆ, ಒತ್ತಡ ಇಳಿದಿರುತ್ತದೆ. ಆಮೇಲೆ ಕ್ಯಾರಿಯರು ತಾನು ಹೊತ್ತಿರುವ, ಚೇಂಬರಿನ ಹಿಂದಿನ ಬಾಯಿ ಮುಚ್ಚುವ ಬ್ರೀಚ್ ಬ್ಲಾಕಿನ ಹಿಂಬದಿಯನ್ನು ಮೇಲಕ್ಕೆತ್ತಿ ಬೀಗ ಬಿಡಿಸುತ್ತದೆ. ಖಾಲಿ ಕೇಸು, ಅಂದರೆ ತೋಟಾದ ಹಿತ್ತಾಳೆ ಕವಚ, ಹೊರಬರುತ್ತದೆ, ಬಲಗಡೆಗೆ ಹಾರುತ್ತದೆ, ಕುದುರೆ (ಹ್ಯಾಮರ್) ಏರುತ್ತದೆ. ಭುಜಕ್ಕೆ ಒತ್ತುವ ಬಟ್ಟಿನ ಒಳಗಿರುವ ರಿಕಾಯ್ಲ್ ಸ್ಪ್ರಿಂಗು ಎಲ್ಲವನ್ನೂ ಮುಂದಕ್ಕೆ ತಳ್ಳುವಾಗ ಮ್ಯಾಗಜೀನಿನ ಮೇಲಿನ ತೋಟಾ ಚೇಂಬರಿಗೆ ಹೋಗುತ್ತದೆ. ಬ್ಲಾಕಿನ ಹಿಂಬದಿ ಕೆಳಗಿಳಿದು ರಿಸೀವರಿನಲ್ಲಿರುವ ಗಟ್ಟಿ ಉಕ್ಕಿನ ಅಡ್ಡಪಟ್ಟಿಗೆ ಬೆನ್ನು ಕೊಟ್ಟು ನಿಲ್ಲುತ್ತದೆ. ಈ ಪಟ್ಟಿಗೆ ಲಾಕಿಂಗ್ ಶೋಲ್ಡರ್ ಎನ್ನುತ್ತಾರೆ. ಬಂದೂಕಿನ ಆಯುಷ್ಯವೆಲ್ಲ ಇದರ ಮೇಲೆ ನಿಂತಿದೆ.

ಗ್ಯಾಸನ್ನು ಎಷ್ಟು ಬಿಡಬೇಕು ಎನ್ನುವುದು ಬಂದೂಕು ಹಿಡಿದವನ ಕೈಯಲ್ಲಿದೆ. ಮುಂಗೈ ಹಿಡಿಯ ಎದುರಿಗೆ ಹಲ್ಲುಹಲ್ಲಾಗಿ ತಿರುಗುವ ಒಂದು ಬಳೆ ಇದೆ, ಅದೇ ಗ್ಯಾಸ್ ರೆಗ್ಯುಲೇಟರ್. ಇದು ಬರುವ ಗ್ಯಾಸನ್ನು ತಡೆಯುವುದಿಲ್ಲ. ಅಗತ್ಯಕ್ಕಿಂತ ಹೆಚ್ಚೇ ಒಳಗೆ ಬರುತ್ತದೆ, ಮಿಕ್ಕಿದ್ದನ್ನು ಹೊರಗೆ ಬಿಡುವ ಕಿಂಡಿಯನ್ನು ಈ ಬಳೆ ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಕಿಂಡಿ ಪೂರಾ ತೆರೆದಿದ್ದರೆ ಪಿಸ್ಟನ್ನಿಗೆ ಬಲ ಸಾಲದು, ಪೂರಾ ಮುಚ್ಚಿದರೆ ಬಲ ಮಿತಿ ಮೀರುತ್ತದೆ. ಹೊಂದಿಸುವ ಕ್ರಮ ಹೀಗೆ: ಮೊದಲು ಕಿಂಡಿಯನ್ನು ಪೂರ್ತಿ ತೆರೆಯಿರಿ. ಮ್ಯಾಗಜೀನಿಗೆ ಒಂದೇ ತೋಟಾ ಹಾಕಿ ಹಾರಿಸಿ. ಕೇಸು ಹೊರಬರದೆ ಸಿಕ್ಕಿಕೊಂಡರೆ, ಅಥವಾ ಹೊರಬಂದರೂ ಖಾಲಿ ಮ್ಯಾಗಜೀನಿನ ಮೇಲೆ ಬ್ರೀಚ್ ಹಿಂದೆಯೇ ನಿಲ್ಲದಿದ್ದರೆ, ಒಂದು ಹಲ್ಲು ಮುಚ್ಚಿ. ಮತ್ತೆ ಒಂದೇ ತೋಟಾ. ಬ್ರೀಚ್ ಹಿಂದೆ ನಿಲ್ಲುವ ಹಲ್ಲು ಸಿಕ್ಕಿದ ಮೇಲೆ ಅಲ್ಲೇ ಇನ್ನೂ ನಾಲ್ಕೈದು ಸಲ ಒಂದೊಂದೇ ತೋಟಾ ಹಾಕಿ ಖಾತ್ರಿ ಮಾಡಿಕೊಳ್ಳಿ. ಕೊನೆಗೆ ಮಸಿ, ಧೂಳು, ಮಳೆಗೆ ಮೀಸಲಾಗಿ ಇನ್ನೆರಡು ಹಲ್ಲು ಮುಚ್ಚಿ ನಿಲ್ಲಿಸಿ. ಬ್ರಿಟಿಷ್ ಮಾದರಿಯಲ್ಲಿ ಬ್ರೀಚ್ ತಾನಾಗಿ ಹಿಂದೆ ನಿಲ್ಲುವ ಏರ್ಪಾಡನ್ನು ತೆಗೆದಿದ್ದಾರೆ. ಅಂಥ ಬಂದೂಕಿನಲ್ಲಿ ಕೇಸು ಎಷ್ಟು ದೂರ ಹಾರುತ್ತದೆ, ಮುಂದಿನ ತೋಟಾ ಸರಿಯಾಗಿ ಏರುತ್ತದೆಯೇ ಎಂದು ನೋಡಿ ತೀರ್ಮಾನಿಸಬೇಕು. ಬಳೆ ಗುಂಡು ಹಾರಿಸಿದ ಮೇಲೆ ಸುಡುತ್ತಿರುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ.

ಒದೆತ ಜೋರು ಎಂದು ಎಸ್‌ಎಲ್‌ಆರ್‌ಗೆ ಕೆಟ್ಟ ಹೆಸರಿದೆ. ಅದರಲ್ಲಿ ಅರ್ಧ ಪಾಲು ರೆಗ್ಯುಲೇಟರನ್ನು ಪೂರಾ ಮುಚ್ಚಿಟ್ಟವರಿಂದ ಬಂದದ್ದು ಎಂದು ನನ್ನ ನಂಬಿಕೆ. ಯಾವಾಗಲೂ ನಡೆಯಲಿ ಎಂದು ಮುಚ್ಚಿಬಿಡುತ್ತಾರೆ, ನಡೆಯುತ್ತದೆ ಕೂಡ. ಆದರೆ ಕ್ಯಾರಿಯರು ಹಿಂಬದಿಗೆ ರಪ್ಪೆಂದು ಬಡಿಯುತ್ತದೆ, ಭುಜ ನೋಯುತ್ತದೆ, ಬ್ರೀಚ್ ಅವಸರವಾಗಿ ತೆರೆದು ಇನ್ನೂ ಚೇಂಬರಿನ ಗೋಡೆಗೆ ಒತ್ತಿಕೊಂಡಿರುವ ಕೇಸನ್ನು ಎಕ್ಸ್‌ಟ್ರಾಕ್ಟರ್ ಎಂಬ ಕೊಕ್ಕೆ ಎಳೆಯುತ್ತದೆ. ಆಗ ಹಿತ್ತಾಳೆಯ ಅಂಚು ಹರಿದು ಬರುತ್ತದೆ, ಕೇಸು ಒಳಗೇ ಉಳಿಯುತ್ತದೆ. ಅದನ್ನು ಗ್ಯಾಸು ಕಡಿಮೆಯಾದ ಲಕ್ಷಣ ಎಂದು ತಿಳಿದು ಇನ್ನಷ್ಟು ಮುಚ್ಚುವವರೂ ಇದ್ದಾರೆ. ಹರಿದ ಅಂಚು ಕಂಡರೆ ತೆರೆಯಬೇಕು, ಮುಚ್ಚಬಾರದು.

ಇನ್ನೊಂದು ಸಾಮಾನ್ಯ ತೊಂದರೆಗೆ ಕಾರಣ ಗ್ಯಾಸ್ ಪ್ಲಗ್. ಸಿಲಿಂಡರಿನ ಮುಂದಿನ ಬಾಯನ್ನು ಮುಚ್ಚುವ ಈ ಪ್ಲಗ್ಗಿಗೆ ಎರಡು ಸ್ಥಾನ. ಒಂದು ಮಾಮೂಲಿ ಗುಂಡಿಗೆ, ಇನ್ನೊಂದು ರೈಫಲ್ ಗ್ರೆನೇಡಿಗೆ. ಗ್ರೆನೇಡಿನ ಸ್ಥಾನದಲ್ಲಿ ಗ್ಯಾಸಿನ ದಾರಿ ಪೂರ್ತಿ ಬಂದ್ ಆಗುತ್ತದೆ. ಶುಚಿ ಮಾಡಿ ಜೋಡಿಸುವಾಗ ಅವಸರದಲ್ಲಿ ಪ್ಲಗ್ ತಲೆಕೆಳಗಾಗಿ ಕೂತರೆ ಬಂದೂಕು ನೋಡಲು ಸರಿಯಾಗಿಯೇ ಇರುತ್ತದೆ, ಮೊದಲ ಗುಂಡೂ ಹಾರುತ್ತದೆ. ಎರಡನೆಯದು ಹಾರುವುದಿಲ್ಲ. ಹಿಡಿ ಎಳೆದರೆ ಖಾಲಿ ಕೇಸು ಆರಾಮಾಗಿ ಬರುತ್ತದೆ, ಮತ್ತೆ ಒಂದು ಹಾರುತ್ತದೆ, ಮತ್ತೆ ನಿಲ್ಲುತ್ತದೆ. ಪ್ರತಿ ಸಲವೂ ಒಂದೇ ರೀತಿ ನಿಂತರೆ ಮೊದಲು ಪ್ಲಗ್ ನೋಡಿ. ಒಮ್ಮೆ ನಡೆದು ಒಮ್ಮೆ ನಿಂತರೆ ರೆಗ್ಯುಲೇಟರು, ಮಸಿ, ಮ್ಯಾಗಜೀನು ನೋಡಿ.

ಮ್ಯಾಗಜೀನಿನ ದೋಷ ಪತ್ತೆ ಸುಲಭ. ಎಲ್ಲಾ ಮ್ಯಾಗಜೀನಿಗೂ ಸುಣ್ಣದಲ್ಲಿಯೋ ಪೇಂಟಿನಲ್ಲಿಯೋ ನಂಬರು ಹಾಕಿ. ಬಂದೂಕು ನಿಂತಾಗಲೆಲ್ಲ ನಂಬರು ಬರೆದುಕೊಳ್ಳಿ. ಒಂದೇ ನಂಬರು ಮತ್ತೆ ಮತ್ತೆ ಬಂದರೆ ಬಂದೂಕಿನದ್ದು ತಪ್ಪಿಲ್ಲ. ತೋಟಾವನ್ನು ಹಿಡಿಯುವ ಮೇಲಿನ ಎರಡು ತುಟಿ ಬಾಗಿರುತ್ತದೆ, ಇಲ್ಲವೇ ಒಳಗಿನ ಸ್ಪ್ರಿಂಗು ಸೋತಿರುತ್ತದೆ. ಕೆಳಗೆ ಬಿದ್ದ ಮ್ಯಾಗಜೀನಿನ ತುಟಿಯನ್ನು ಇಕ್ಕಳದಲ್ಲಿ ನೆಟ್ಟಗೆ ಮಾಡಲು ಹೋಗಬೇಡಿ, ಬದಲಾಯಿಸಿ. ಹಾಕುವಾಗ ಮುಂದಿನ ಮೂಗನ್ನು ಮೊದಲು ಸಿಕ್ಕಿಸಿ, ಆಮೇಲೆ ಹಿಂಬದಿಯನ್ನು ಟಕ್ ಎನ್ನುವವರೆಗೆ ಎಳೆಯಬೇಕು. ನೇರವಾಗಿ ಕೆಳಗಿನಿಂದ ಗುದ್ದಿದರೆ ಕೂರುವುದಿಲ್ಲ, ಕೂತಂತೆ ಕಂಡು ಮೊದಲ ಗುಂಡಿಗೇ ಸಡಿಲವಾಗುತ್ತದೆ.

ನಿಜವಾಗಿ ಹೆದರಬೇಕಾದ ದೋಷ ಒಂದಿದೆ. ಖಾಲಿ ಕೇಸನ್ನು ಬಿಸಿಲಿಗೆ ಹಿಡಿದು ನೋಡಿ. ಬುಡದಿಂದ ಒಂದು ಸೆಂಟಿಮೀಟರು ಮೇಲೆ, ಸುತ್ತಲೂ ತೆಳುವಾದ ಹೊಳೆಯುವ ಗೆರೆ ಕಂಡರೆ ಅಲ್ಲಿ ಹಿತ್ತಾಳೆ ಹಿಗ್ಗಿ ತೆಳುವಾಗಿದೆ ಎಂದರ್ಥ. ಲಾಕಿಂಗ್ ಶೋಲ್ಡರ್ ಸವೆದು ಬ್ರೀಚಿಗೂ ಕೇಸಿಗೂ ನಡುವೆ ಜಾಗ ಹೆಚ್ಚಾದಾಗ ಹೀಗಾಗುತ್ತದೆ. ಇಂದು ಗೆರೆ, ನಾಳೆ ಕೇಸು ಎರಡು ತುಂಡು. ಬಿಸಿ ಗ್ಯಾಸು ಹಿಂದಕ್ಕೆ, ಮುಖದ ಕಡೆಗೆ ಬರುತ್ತದೆ. ಆ ಬಂದೂಕನ್ನು ಅಲ್ಲೇ ಪಕ್ಕಕ್ಕಿಟ್ಟು ಆರ್ಮರರ್‌ಗೆ ಕೊಡಬೇಕು. ಅವರು ಗೇಜು ಹಾಕಿ ಅಳೆದು ಕೂದಲೆಳೆಯಷ್ಟು ದಪ್ಪನೆಯ ಬೇರೆ ಶೋಲ್ಡರ್ ಕೂರಿಸುತ್ತಾರೆ. ಲೇತ್ ಇರುವ ವರ್ಕ್‌ಶಾಪಿನಲ್ಲಿ ಅಂದಾಜಿನಲ್ಲಿ ಮಾಡುವ ಕೆಲಸವಲ್ಲ.

ಹಾರಿಸುವಾಗ ಟ್ರಿಗರ್ ಒತ್ತಿದರೂ ಸದ್ದಿಲ್ಲದಿದ್ದರೆ ನಳಿಗೆಯ ಬಾಯಿಯನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಕಾಯಿರಿ. ಹಳೇ ತೋಟಾದಲ್ಲಿ ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಸದ್ದು ಬಂದರೂ ಫುಸ್ ಎಂದು ಕ್ಷೀಣವಾಗಿದ್ದರೆ ಎರಡನೇ ಗುಂಡು ಖಂಡಿತ ಹಾರಿಸಬೇಡಿ. ಮೊದಲನೆಯದು ನಳಿಗೆಯ ನಡುವೆಯೇ ನಿಂತಿರಬಹುದು, ಅದರ ಬೆನ್ನಿಗೆ ಇನ್ನೊಂದು ಬಿದ್ದರೆ ನಳಿಗೆ ಸೀಳುತ್ತದೆ. ಮ್ಯಾಗಜೀನ್ ತೆಗೆದು, ಬ್ರೀಚ್ ತೆರೆದು, ಬ್ರೀಚಿನ ಕಡೆಯಿಂದ ಬೆಳಕು ಕಾಣುತ್ತದೆಯೇ ನೋಡಬೇಕು. ಕಿವಿಗೆ ಮುಚ್ಚಳ ಇರಲೇಬೇಕು. ಸದ್ದು 150 ಡೆಸಿಬಲ್ ದಾಟುತ್ತದೆ. ಬರಿಗಿವಿಯಲ್ಲಿ ನಿಂತು ಹಾರಿಸುವ ಹಳೇ ಅಭ್ಯಾಸದಿಂದ ಎಷ್ಟೋ ಜನರ ಕಿವಿಯಲ್ಲಿ ಜೀವನಪೂರ್ತಿ ಗುಂಯ್‌ಗುಟ್ಟುವ ಸದ್ದು ಉಳಿದಿದೆ.

ಗುರಿ ಸರಿಮಾಡುವುದರಲ್ಲಿ ಗೊಂದಲವಾಗುವುದು ಒಂದೇ ಕಡೆ. ಗುಂಡು ಮೇಲೆ ಬೀಳುತ್ತಿದ್ದರೆ ಮುಂದಿನ ಸೈಟನ್ನು ಮೇಲಕ್ಕೆ ಏರಿಸಬೇಕು, ಕೆಳಗೆ ಬೀಳುತ್ತಿದ್ದರೆ ಇಳಿಸಬೇಕು. ಮುಂದಿನ ಸೈಟು ತಪ್ಪಿನ ಹಿಂದೆ ಹೋಗುತ್ತದೆ. ಹಿಂದಿನ ಸೈಟು ಉಲ್ಟಾ, ಗುಂಡು ಎತ್ತ ಹೋಗಬೇಕೋ ಅತ್ತ ಸರಿಯುತ್ತದೆ. ಒಂದು ಗುಂಡು ನೋಡಿ ಸೈಟು ಮುಟ್ಟಬೇಡಿ. ಐದು ಗುಂಡು ಹಾರಿಸಿ, ಐದೂ ಒಂದು ಗುಂಪಾಗಿ ಬಿದ್ದಿವೆಯೇ ನೋಡಿ. ಗುಂಪೇ ಇಲ್ಲದಿದ್ದರೆ ಸೈಟು ತಿರುಗಿಸಿ ಏನೂ ಪ್ರಯೋಜನವಿಲ್ಲ. ಆಗ ತಪ್ಪು ಹಿಡಿತದಲ್ಲಿದೆ, ಉಸಿರಿನಲ್ಲಿದೆ, ಇಲ್ಲವೇ ಟ್ರಿಗರನ್ನು ಜಗ್ಗುವುದರಲ್ಲಿದೆ. ಎಸ್‌ಎಲ್‌ಆರ್‌ನ ಟ್ರಿಗರು ಗಡುಸು. ಅರ್ಧ ಉಸಿರು ಬಿಟ್ಟು ತಡೆದು, ಏಳೆಂಟು ಸೆಕೆಂಡಿನೊಳಗೆ ಬೆರಳಿನ ಮೊದಲ ಗೆಣ್ಣಿನಿಂದ ನೇರ ಹಿಂದಕ್ಕೆ ಒತ್ತುತ್ತಾ ಬರಬೇಕು. ಅಷ್ಟರಲ್ಲಿ ಹಾರದಿದ್ದರೆ ಬಿಟ್ಟು ಮತ್ತೆ ಉಸಿರು ತೆಗೆದುಕೊಳ್ಳಿ. ಬಟ್ಟನ್ನು ಭುಜದ ಹಳ್ಳಕ್ಕೆ ಬಿಗಿಯಾಗಿ ಎಳೆದು ಹಿಡಿದರೆ 5 ಕೆ.ಜಿ. ತೂಕವೇ ಒದೆತವನ್ನು ನುಂಗುತ್ತದೆ. ಎನ್‌ಸಿಸಿಯಲ್ಲಿ .22 ಹಿಡಿದು ಮಲಗಿ ಕಲಿತವರಿಗೆ ಇದೆಲ್ಲ ಗೊತ್ತಿರುವುದೇ. ಅಲ್ಲಿ ಸರಿಯಾಗಿ ಕಲಿತವರು ದೊಡ್ಡ ಬಂದೂಕಿಗೆ ಬಂದಾಗ ಹೊಸದಾಗಿ ಕಲಿಯುವುದು ಹೆಚ್ಚೇನಿರುವುದಿಲ್ಲ.

ಗುಂಡು ಹಾರಿಸಿದ ದಿನವೇ ಶುಚಿ ಮಾಡಬೇಕು. ಮ್ಯಾಗಜೀನ್ ತೆಗೆಯಿರಿ, ಹಿಡಿ ಎಳೆದು ಚೇಂಬರನ್ನು ಕಣ್ಣಿನಿಂದ ನೋಡಿ, ಕಿರುಬೆರಳು ಹಾಕಿಯೂ ನೋಡಿ. ಕುದುರೆ ಏರಿಸಿದ ಸ್ಥಿತಿಯಲ್ಲೇ ಇರಲಿ. ಹಿಂಬದಿಯ ಲಿವರ್ ಒತ್ತಿದರೆ ಬಂದೂಕು ಜೋಡುನಳಿಗೆ ಕೋವಿಯಂತೆ ನಡುವೆ ಮುರಿದು ತೆರೆದುಕೊಳ್ಳುತ್ತದೆ. ಮೇಲಿನ ತಗಡನ್ನು ಹಿಂದಕ್ಕೆ ಸರಿಸಿ, ಕ್ಯಾರಿಯರಿನ ಹಿಂದೆ ಬಾಲದಂತೆ ಇರುವ ಉದ್ದ ಕಡ್ಡಿಯನ್ನು ಹಿಡಿದು ಎಳೆದರೆ ಬ್ರೀಚ್ ಬ್ಲಾಕಿನ ಸಮೇತ ಹೊರಬರುತ್ತದೆ. ಮರಳಿ ಜೋಡಿಸುವಾಗ ಈ ಕಡ್ಡಿಯ ತುದಿ ಬಟ್ಟಿನೊಳಗಿನ ತನ್ನ ಗುಳಿಗೆ ಸರಿಯಾಗಿ ಕೂರಬೇಕು. ಕೂರದಿರುವಾಗ ಬಲವಂತವಾಗಿ ಮುಚ್ಚಿದರೆ ಕಡ್ಡಿ ಬಾಗುತ್ತದೆ, ಆಮೇಲೆ ಬಂದೂಕು ಬಿಗಿಯಾಗಿ ಓಡುತ್ತದೆ. ಗ್ಯಾಸ್ ಪ್ಲಗ್ ತೆಗೆಯುವಾಗ ಮುಖ ಪಕ್ಕಕ್ಕಿರಲಿ, ಹಿಂದೆ ಪಿಸ್ಟನ್ನಿನ ಸ್ಪ್ರಿಂಗಿನ ಒತ್ತಡ ಇರುತ್ತದೆ.

ಪಿಸ್ಟನ್, ಸಿಲಿಂಡರ್, ಪ್ಲಗ್ ಈ ಮೂರನ್ನೂ ಕೆರೆದು ಒರೆಸಿ ಒಣದಾಗಿಯೇ ಬಿಡಬೇಕು. ಎಲ್ಲಾ ಕಡೆ ಎಣ್ಣೆ ಹಚ್ಚುವ ಉತ್ಸಾಹದಲ್ಲಿ ಪಿಸ್ಟನ್ನಿಗೂ ಹಚ್ಚುತ್ತಾರೆ. ಆ ಎಣ್ಣೆ ಸುಟ್ಟು ಗಟ್ಟಿ ಮಸಿಯಾಗಿ ಪಿಸ್ಟನ್ನನ್ನು ಹಿಡಿದುಕೊಳ್ಳುತ್ತದೆ. ನಳಿಗೆಗೆ ಪುಲ್‌ಥ್ರೂ (ತುದಿಗೆ ಬಟ್ಟೆ ಸಿಕ್ಕಿಸಿ ಎಳೆಯುವ ದಾರ) ಹಾಕುವುದು ಬ್ರೀಚಿನಿಂದ ಬಾಯಿಯ ಕಡೆಗೆ, ಒಂದೇ ಎಳೆತದಲ್ಲಿ, ನೇರವಾಗಿ. ಶುಚಿಗೆ 4 ಇಂಚು ಉದ್ದ 2 ಇಂಚು ಅಗಲದ ಫ್ಲಾನೆಲ್, ಎಣ್ಣೆಗೆ 4 ಇಂಚಿಗೆ ಒಂದೂವರೆ ಇಂಚು ಎನ್ನುವುದು .303ರ ಕಾಲದ ಅಳತೆ, ಇಂದಿಗೂ ಸರಿಯಾದದ್ದೇ. ದಾರವನ್ನು ಓರೆಯಾಗಿ ಎಳೆದರೆ ಅದು ಬಾಯಿಯ ಅಂಚನ್ನು ಉಜ್ಜುತ್ತದೆ. ವರ್ಷಾನುಗಟ್ಟಲೆ ಉಜ್ಜಿ ಅಂಚು ಒಂದು ಕಡೆ ಸವೆದರೆ ಗುಂಡು ಹೊರಬೀಳುವಾಗ ಗ್ಯಾಸು ಆ ಕಡೆಯಿಂದ ಮೊದಲು ನುಗ್ಗಿ ಅದನ್ನು ವಾಲಿಸುತ್ತದೆ. ನಳಿಗೆ ಸವೆದಿದೆ ಎಂದು ಬದಿಗಿಟ್ಟ ಎಷ್ಟೋ ಹಳೇ ರೈಫಲ್‌ಗಳನ್ನು ಕೆಡಿಸಿರುವುದು ಗುಂಡಲ್ಲ, ಈ ದಾರ. ಬಾಯಿಯ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಸವೆತ ನೇರವಾಗಿ ಕಾಣುತ್ತದೆ.

ಹಳೇ ತೋಟಾ, ಅದರಲ್ಲೂ .303ರ ಹಳೇ ದಾಸ್ತಾನು, ಇನ್ನೊಂದು ತೊಂದರೆ ತರುತ್ತದೆ. ಪಿನ್ನಿನ ಪೆಟ್ಟಿಗೆ ಕಿಡಿ ಹೊತ್ತಿಸುವ ಅದರ ಕ್ಯಾಪಿನಲ್ಲಿ ಪೊಟ್ಯಾಶಿಯಂ ಕ್ಲೋರೇಟ್ ಇರುತ್ತಿತ್ತು. ಸುಟ್ಟಮೇಲೆ ಉಳಿಯುವುದು ಪೊಟ್ಯಾಶಿಯಂ ಕ್ಲೋರೈಡ್, ಅಂದರೆ ಒಂದು ಬಗೆಯ ಉಪ್ಪು. ಮುಂಗಾರಿನ ಗಾಳಿಯಲ್ಲಿ ಅದು ತೇವ ಎಳೆದುಕೊಂಡು ಒಂದೆರಡು ದಿನದಲ್ಲೇ ನಳಿಗೆಯೊಳಗೆ ತುಕ್ಕು ಹಿಡಿಸುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಹಾಗಾಗಿ ಲಾಲಿಕೆ ಇಟ್ಟು ಬ್ರೀಚಿನಿಂದ ಒಂದು ಲೀಟರ್ ಕುದಿಯುವ ನೀರು ಹೊಯ್ಯಬೇಕು. ಕುದಿನೀರಿನಿಂದ ಲೋಹ ಬಿಸಿಯಾಗಿ ತಾನೇ ಒಣಗುತ್ತದೆ. ಮಂಡ್ಯ ಕಡೆಯ ಬೋರ್‌ವೆಲ್ಲಿನ ಗಡಸು ನೀರಿಗಿಂತ ಫಿಲ್ಟರ್ ನೀರು ವಾಸಿ. ನಂತರ ಒಣ ಬಟ್ಟೆ ಎಳೆದು ಎಣ್ಣೆ ಹಚ್ಚಿ, ಮರುದಿನ ಇನ್ನೊಮ್ಮೆ ಬಿಳಿ ಬಟ್ಟೆ ಎಳೆದು ನೋಡಿ. ಕಂದು ಬಣ್ಣ ಬಂದರೆ ಉಪ್ಪು ಉಳಿದಿದೆ, ಮತ್ತೆ ನೀರು. ತೋಟಾ ಯಾವ ಜಾತಿಯದೆಂದು ಖಚಿತವಿಲ್ಲದಿದ್ದರೆ ಉಪ್ಪಿನದ್ದೇ ಎಂದುಕೊಂಡು ತೊಳೆಯುವುದು ಕ್ಷೇಮ.

ಎಣ್ಣೆಯ ವಿಷಯದಲ್ಲಿ ನಮ್ಮ ಊರುಗಳಲ್ಲಿ ಕೊಬ್ಬರಿ ಎಣ್ಣೆಯದ್ದೇ ದರ್ಬಾರು. ಬಂದೂಕಿಗೆ ಅದು ಬೇಡ. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಮೈಸೂರಿನ ಡಿಸೆಂಬರ್ ಬೆಳಗು ಅದಕ್ಕಿಂತ ಎಷ್ಟೋ ತಂಪು. ಫೈರಿಂಗ್ ಪಿನ್ನಿನ ರಂಧ್ರದಲ್ಲಿ ಹೆಪ್ಪಾದ ಎಣ್ಣೆ ಪಿನ್ನಿನ ಪೆಟ್ಟನ್ನು ಮೆತ್ತಗೆ ಮಾಡುತ್ತದೆ, ಗುಂಡು ಹಾರುವುದಿಲ್ಲ. ಹರಳೆಣ್ಣೆ ಕಾಲಕ್ರಮದಲ್ಲಿ ಅಂಟಾಗುತ್ತದೆ. ಸೀಮೆಎಣ್ಣೆ ಮಸಿ ಬಿಡಿಸಲು ಒಳ್ಳೆಯದು, ಆದರೆ ಆರಿದ ಮೇಲೆ ಲೋಹವನ್ನು ಬೆತ್ತಲೆ ಬಿಡುತ್ತದೆ, ಮೇಲೆ ಎಣ್ಣೆ ಬೇಕೇ ಬೇಕು. ಗನ್ ಆಯಿಲ್ ಸಿಗದಿದ್ದರೆ ಹೊಲಿಗೆ ಯಂತ್ರದ ತೆಳು ಎಣ್ಣೆ ಸಾಕು. ಬಯಲುಸೀಮೆಯ ಕೆಂಪು ಧೂಳಿನಲ್ಲಿ ಎಣ್ಣೆ ಹೆಚ್ಚಾದರೆ ಅದೇ ಮರಳುಕಾಗದದಂತೆ ಕೆಲಸ ಮಾಡುತ್ತದೆ, ಒರೆಸಿದ ಮೇಲೆ ಬೆರಳಿಗೆ ಜಿಡ್ಡು ತಾಕುವಷ್ಟು ಮಾತ್ರ ಇರಲಿ. ಮರದ ಬಟ್ಟಿಗೆ ವರ್ಷಕ್ಕೊಮ್ಮೆ ಅಗಸೆ ಎಣ್ಣೆ ತಿಕ್ಕಿ.

ಇಷ್ಟೆಲ್ಲ ಎಸ್‌ಎಲ್‌ಆರ್‌ಗೆ ಸಂಬಂಧಿಸಿದ್ದಾದರೂ ಬಹುಪಾಲು ಮಾತು ಲೈಸೆನ್ಸ್ ಇರುವ ಮನೆಯ ಕೋವಿಗೂ ಅನ್ವಯಿಸುತ್ತದೆ. ಸೇನೆಯ ಹಳೇ ರೈಫಲ್ಲಿಗೆ ನಾಗರಿಕರ ನಡುವೆ ಇರುವ ಹತ್ತಿರದ ನೆಂಟ .315. ಇಶಾಪುರದ್ದೇ, ಲೀ ಎನ್‌ಫೀಲ್ಡ್ ಮಾದರಿಯ ಬೋಲ್ಟು, ಐದು ತೋಟಾದ ಮ್ಯಾಗಜೀನು, 244 ಗ್ರೇನಿನ ಭಾರಿ ಗುಂಡು. ಸರ್ವಿಸ್ ತೋಟಾ ಹಿಡಿಯದಿರುವುದರಿಂದ ಅದು ನಿಷೇಧಿತ ಪಟ್ಟಿಯಲ್ಲಿಲ್ಲ. ಹೆಚ್ಚಿನ ಮನೆಗಳಲ್ಲಿ ಇರುವುದು 12 ಬೋರ್. ಹಳೇ ಜೋಡುನಳಿಗೆಯಾದರೆ ಚೇಂಬರು 65 ಮಿ.ಮೀ.ನದ್ದೋ 70ರದ್ದೋ ನಳಿಗೆಯ ಅಡಿ ಒತ್ತಿರುವ ಗುರುತು ನೋಡಿ. 65ರದ್ದಕ್ಕೆ 70ರ ತೋಟಾ ಒಳಹೋಗುತ್ತದೆ, ಆದರೆ ಹಾರಿಸುವಾಗ ತೋಟಾದ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ.

ಲೈಸೆನ್ಸ್ ಮೈಸೂರು ನಗರದಲ್ಲಿ ಪೊಲೀಸ್ ಆಯುಕ್ತರಿಂದ, ಉಳಿದಂತೆ ಜಿಲ್ಲಾಧಿಕಾರಿಯಿಂದ. ಒಬ್ಬರಿಗೆ ಹೆಚ್ಚೆಂದರೆ ಎರಡು ಬಂದೂಕು, ಐದು ವರ್ಷಕ್ಕೊಮ್ಮೆ ನವೀಕರಣ. ನಮ್ಮ ಕಡೆ ಬಹಳ ಜನ ಮರೆಯುವುದು ವನ್ಯಜೀವಿ ಕಾಯ್ದೆಯ 34ನೇ ಸೆಕ್ಷನ್. ಅಭಯಾರಣ್ಯದಿಂದ 10 ಕಿ.ಮೀ. ಒಳಗಿನ ಊರಿಗೆ ಹೊಸ ಲೈಸೆನ್ಸ್ ಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಅಭಯಾರಣ್ಯ ಎಂದ ತಕ್ಷಣ ದೊಡ್ಡ ಕಾಡೇ ನೆನಪಿಗೆ ಬರುತ್ತದೆ. ಶ್ರೀರಂಗಪಟ್ಟಣದ ಪಕ್ಕದ ರಂಗನತಿಟ್ಟು ಕೂಡ ಅಭಯಾರಣ್ಯವೇ, ಮೇಲುಕೋಟೆಯದ್ದೂ ಹೌದು. ಗದ್ದೆ ಬಯಲಿನ ನಡುವೆ ಇರುವ ಊರಿನವರ ಅರ್ಜಿಯೂ ಈ ಕಾರಣಕ್ಕೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಬೆಳೆ ಕಾಯಲು ಲೈಸೆನ್ಸ್ ಇದೆ ಎಂದು ಹಂದಿ, ಜಿಂಕೆಗೆ ಗುರಿಯಿಡುವಂತಿಲ್ಲ ಎನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು.

ಚುನಾವಣೆ ಬಂದಾಗ ಬಂದೂಕನ್ನು ಠಾಣೆಯಲ್ಲಿ ಠೇವಣಿ ಇಡುವ ಆದೇಶ ಬರುತ್ತದೆ. ಒಂದೂವರೆ ಎರಡು ತಿಂಗಳು ಅದು ಕೋಣೆಯ ಮೂಲೆಯಲ್ಲಿ ನಿಲ್ಲುತ್ತದೆ. ಕೊಡುವ ಹಿಂದಿನ ದಿನ ಒಳಗೂ ಹೊರಗೂ ಎಣ್ಣೆ ಹಚ್ಚಿ. ಬಟ್ಟೆ ಅಥವಾ ರೆಗ್ಜಿನ್ ಚೀಲದಲ್ಲಿ ಸುತ್ತಿ ಕೊಡಬೇಡಿ, ಚೀಲ ತೇವ ಹಿಡಿದು ಬಂದೂಕಿಗೇ ತಾಗಿಸುತ್ತದೆ. ರಸೀದಿಯಲ್ಲಿ ನಂಬರು, ಬೋರು, ತೋಟಾ ಎಷ್ಟು ಎಂಬುದಿರಲಿ. ವಾಪಸು ತಂದ ಮೇಲೆ ಹಾರಿಸುವ ಮುಂಚೆ ಎಣ್ಣೆಯನ್ನು ಪೂರ್ತಿ ಒರೆಸಿ, ನಳಿಗೆಯೊಳಗೆ ಬೆಳಕು ಹಿಡಿದು ನೋಡಿ. ಕಣಜದ ಹುಳು ಮಣ್ಣಿನ ಗೂಡು ಕಟ್ಟಲು ಹುಡುಕುವುದು ಇಂಥದೇ ರಂಧ್ರವನ್ನು. ಬೆರಳಿನಷ್ಟು ಒಣಮಣ್ಣು ಸಾಕು, ನಳಿಗೆ ಉಬ್ಬುತ್ತದೆ.

ಆಯುಧಪೂಜೆಯ ದಿನ ಅರಿಶಿನ ಕುಂಕುಮವನ್ನು ಮರದ ಬಟ್ಟಿಗೆ ಹಚ್ಚಿ, ಉಕ್ಕಿಗೆ ಬೇಡ. ಒದ್ದೆ ಅರಿಶಿನ ರಾತ್ರಿ ಕಳೆಯುವುದರೊಳಗೆ ಬಣ್ಣ ಹಾಕಿದ ಉಕ್ಕಿನ ಮೇಲೆ ಕಲೆ ಬಿಡುತ್ತದೆ, ಅದರ ಕೆಳಗೆ ತುಕ್ಕು ಕೂರುತ್ತದೆ. ಹೂವಿನ ಹಾರವನ್ನೂ ಸಂಜೆಗೇ ತೆಗೆದು ಒರೆಸಿ.

ಅಟ್ಟ ಇಳಿಸುವಾಗ ಅಜ್ಜನ ಕಾಲದ .303 ಅಥವಾ ಯಾವುದೋ ಮಿಲಿಟರಿ ರೈಫಲ್ ಸಿಕ್ಕಿದರೆ ಏನು ಮಾಡಬೇಕೆಂದು ಅನೇಕರು ಕೇಳುತ್ತಾರೆ. ಬೋಲ್ಟ್ ಎಳೆದು ನೋಡಲು ಹೋಗಬೇಡಿ, ಒಳಗೆ ತೋಟಾ ಇರಬಹುದು. ನಳಿಗೆ ಗೋಡೆಯ ಕಡೆಗಿರಲಿ, ಮಕ್ಕಳು ಹೊರಗಿರಲಿ. ಸ್ಕೂಟರಿನಲ್ಲಿ ಹೊತ್ತು ಠಾಣೆಗೆ ಹೋಗಬೇಡಿ. ಫೋನ್ ಮಾಡಿ, ಅವರು ಬರಲಿ. ಹಳೇ ಲೈಸೆನ್ಸ್ ಪುಸ್ತಕ, ಮರಣ ಪ್ರಮಾಣಪತ್ರ ಹುಡುಕಿ ಜೊತೆಗೆ ಕೊಡಿ. ಲೈಸೆನ್ಸುದಾರರು ತೀರಿಕೊಂಡ ಮೇಲೆ ಬಂದೂಕನ್ನು ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಬಳಿಯಲ್ಲೋ ಠೇವಣಿ ಇಡಬೇಕೆನ್ನುತ್ತದೆ ಆಯುಧ ಕಾಯ್ದೆಯ 21ನೇ ಸೆಕ್ಷನ್. 12 ಬೋರ್ ಆದರೆ ವಾರಸುದಾರರು ಉಳಿದವರ ಒಪ್ಪಿಗೆ ಪತ್ರದ ಜೊತೆ ತಮ್ಮ ಹೆಸರಿಗೆ ಅರ್ಜಿ ಹಾಕಬಹುದು. .303 ಆದರೆ ಅರ್ಜಿ ಕೇಂದ್ರದವರೆಗೆ ಹೋಗಬೇಕು, ಬಹುಶಃ ಸಿಗುವುದಿಲ್ಲ. ಕೊಡುವ ಮೊದಲು ರಿಸೀವರಿನ ಮೇಲಿನ ನಂಬರು, ಕಾರ್ಖಾನೆಯ ಗುರುತು, ವರ್ಷ ಇವುಗಳ ಫೋಟೊವನ್ನು ಪೊಲೀಸರ ಎದುರಿಗೇ ತೆಗೆದುಕೊಳ್ಳಿ. ರಸೀದಿಯಲ್ಲಿ ಬರೆದ ನಂಬರು ಅದೇ ಹೌದೇ ಎಂದು ತಾಳೆ ನೋಡಿ ಸಹಿ ಹಾಕಿ.